ಅಪ್ಪ ಚೆನ್ನಾಗಿ ನಡೆದ ದಿನ

ಎಲ್ಕಿನ್ಸ್, ವೆಸ್ಟ್ ವರ್ಜೀನಿಯಾ
ಮಾರ್ಚ್ ೯

ಪ್ರೀತಿಯ ತಂಗಿ ರೊವೀನಾ,

ಹೌದು, ಕೊನೆಗೂ ಅಪ್ಪನನ್ನು ಮನೆಗೆ ಕಳಿಸಿಯೇಬಿಟ್ಟರು. ಬರೆಯುವುದು ತಡವಾಯಿತು, ಬೈಯಬೇಡ. ಅಕ್ಷರ ನೋಡಿ ಕೋಳಿ ಕೆದಕಿದೆ ಅಂತ ನಗಲೂಬೇಡ. ಓದು ಬಿಟ್ಟವನ ಕೈ ಇದು, ಕೋಳಿಯದೇ ಇದಕ್ಕಿಂತ ಚೆನ್ನಾಗಿರುತ್ತೆ.

ಸೊಂಟ ಮುರಿದವನನ್ನು ಇಷ್ಟು ಬೇಗ ಹೇಗೆ ಕಳಿಸಿದರು ಅಂತ ಕೇಳಿದ್ದೆಯಲ್ಲ. ಹಲ್ಲುಸೆಟ್ಟು ಪುಕ್ಕಟೆ ಅಂತ ಅಪ್ಪ ಕೆಲವು ವರ್ಷದ ಹಿಂದೆ ಸರ್ಕಾರದ ಹಳೇ ಮೆಡಿಕೇರ್ ವಿಮೆ ಬಿಟ್ಟು ಖಾಸಗಿ ಕಂಪನಿಯ ವಿಮೆಗೆ ಹೋದನಲ್ಲ, ಅದರ ನಿಯಮ ಈ ಜನವರಿಯಿಂದ ಬದಲಾಗಿದೆ. ಆರೈಕೆ ಕೇಂದ್ರದವರು ವಾರವಾರವೂ ವರದಿ ಕಳಿಸಬೇಕು. ರೋಗಿ ನಡೆದ ಅಂತ ಕಂಡರೆ ವಿಮೆಯವರು ಕೈ ತೊಳೆದುಕೊಳ್ಳುತ್ತಾರೆ. ಹಳೆಯದಕ್ಕೇ ವಾಪಸ್ ಹೋಗೋಣವೆಂದರೆ, ಅದರ ಜೊತೆಗೆ ಬೇಕಾದ ಪೂರಕ ವಿಮೆಯವರು ಮುರಿದ ಸೊಂಟ ನೋಡಿ ಬಾಗಿಲು ಹಾಕುತ್ತಾರೆ.

ವರದಿಯ ದಿನ ನಡಿಗೆ ಕಲಿಸುವ ಹುಡುಗಿ ಟ್ರಿಷಾ ನನ್ನನ್ನು ಪಕ್ಕಕ್ಕೆ ಕರೆದಳು. "ಸಾರ್, ಅವರು ನಡೆದಷ್ಟನ್ನ ನಾನು ಬರೀಲೇಬೇಕು. ಹೇಳಿಬಿಡಿ ಅವರಿಗೆ."

ನಾನು ಅಪ್ಪನ ಕಿವಿಯಲ್ಲಿ ಹೇಳಿದೆ: "ಇವತ್ತೊಂದಿನ ಕುಂಟಪ್ಪಾ. ಕೆಲಸ ಹೇಳಿದಾಗ ನಾನು ಕುಂಟ್ತಿದ್ನಲ್ಲ, ಹಂಗೆ."

"ನಿನ್ನಷ್ಟು ಚೆನ್ನಾಗಿ ನನಗೆ ಬರಲ್ವೋ ಸೋಮಾರಿ," ಅಂದವನೇ ಎದ್ದ. ವಾಕರ್ ಪಕ್ಕಕ್ಕೆ ತಳ್ಳಿದ. ಕಾರಿಡಾರಿನ ಕೊನೆಯವರೆಗೆ ಹೋಗಿ, ಅಲ್ಲಿದ್ದ ಮುದುಕಿಗೆ ಟೋಪಿ ಎತ್ತಿ ನಮಸ್ಕಾರ ಹೇಳಿ, ತಿರುಗಿ ಬಂದ. ಎಲ್ಲರೂ ಚಪ್ಪಾಳೆ ಹೊಡೆದರು. ಟ್ರಿಷಾ ಹೊಡೆಯಲಿಲ್ಲ.

ವಿಮೆಯವರು ದುಡ್ಡು ನಿಲ್ಲಿಸಿದರು, ಮೇಲ್ಮನವಿ ಹಾಕಿದೆ. "ಅವರು ಆಸರೆಯಿಲ್ಲದೆ ನಡೆದಿದ್ದಾರಲ್ಲ ಸಾರ್," ಅಂದಳು ವಿಮೆ ಕಂಪನಿಯ ಫೋನಿನವಳು. ಮನೆಯಲ್ಲಿ ಕಾರಿಡಾರ್ ಇಲ್ಲಮ್ಮ, ಮೆಟ್ಟಿಲಿದೆ ಅಂದೆ. ನಕ್ಕಳು. ನಾನು ತಮಾಷೆ ಮಾಡಿರಲಿಲ್ಲ.

ಬಂದ ವಾರದಲ್ಲೇ ಆ ಮೆಟ್ಟಿಲ ಮೇಲೆಯೇ ಬಿದ್ದ. ಈಗ ಮಲಗಿದಲ್ಲೇ ಎಲ್ಲ. ಇನ್ನು ಏಳುವುದಿಲ್ಲ ಅಂತ ಡಾಕ್ಟರು ನನ್ನ ಮುಖ ನೋಡದೆ ಹೇಳಿದರು.

ಅಲಾಸ್ಕಾದ ಚಳಿ ನಿನ್ನನ್ನು ಮುಟ್ಟದಿರಲಿ. ಮಕ್ಕಳು ಗುಂಡುಗುಂಡಾಗಿರಲಿ.

ನಿನ್ನ ಅಣ್ಣ,
ಡಾರೆಲ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಹಠಕ್ಕೆ ನಡೆದೆಯಲ್ಲಪ್ಪಾ ಅಂತ ನಿನ್ನೆ ರೇಗಿದೆ. "ಹಠ ಅಲ್ವೋ," ಅಂದ. ವರದಿಯ ಹಿಂದಿನ ಸಂಜೆ ಆರೈಕೆ ಕೇಂದ್ರದಿಂದ ಅಮ್ಮನಿಗೆ ಫೋನ್ ಮಾಡಿದ್ದನಂತೆ. "ಹೋಬರ್ಟ್ ಮಿಲ್ಲಿಗೆ ಹೋಗಿದ್ದಾರೆ, ಬಂದ ಮೇಲೆ ಮಾಡಿ," ಅಂದು ಇಟ್ಟುಬಿಟ್ಟಳಂತೆ. ಫೋನ್ ಮಾಡಿದ ಹೋಬರ್ಟನಿಗೇ, ಸ್ವಂತ ಗಂಡನಿಗೇ! "ಇನ್ನೂ ತಡ ಮಾಡಿದ್ರೆ ನನ್ನ ಮುಖಾನೂ ಮರೀತಾಳೆ ಅನ್ನಿಸ್ತು ಕಣೋ. ಅದಕ್ಕೇ ನಡೆದೆ."

ನಿನ್ನ ಫೋನಿಗೂ ಅವಳು ನಗುನಗುತ್ತಾ ಮಾತಾಡುತ್ತಾಳೆ ರೊವೀನಾ. ಯಾರ ಹತ್ತಿರ ಅಂತ ಆಮೇಲೆ ನನ್ನನ್ನು ಕೇಳುತ್ತಾಳೆ. ಅಡುಗೆ ಮಾತ್ರ ಮರೆತಿಲ್ಲ. ಇಗೋ, ಕರೆಯುತ್ತಿದ್ದಾಳೆ:

"ಡಾರೆಲ್, ಬೀನ್ಸ್ ಆರೋಗ್ತಿದೆ, ಊಟಕ್ಕೆ ಬಾರೋ! ಒಳಗೆ ಮಲಗಿದಾರಲ್ಲ, ಆ ತಾತನ್ನೂ ಕೇಳು. ಪಾಪ, ಅವರ ಮನೆಯೋರು ಯಾರೂ ಬಂದೇ ಇಲ್ಲ."