ಶಭಾಷ್ ಟೀಚರ್

ಫೆಬ್ರವರಿ ೧೪, ಶನಿವಾರ

ನನ್ನ ಪುಟ್ಟೀ,

ಹೇಗಿದ್ದೀಯ? ಅಳಿಯಂದಿರು ಚೆನ್ನಾಗಿದ್ದಾರಾ? ಒಂದು ತಿಂಗಳಿಂದ ಫೋನ್ ಎತ್ತಿಲ್ಲ ಅಂತ ಮುನಿಸ್ಕೊಂಡಿರ್ತೀಯ. ಬೈಕೋ, ತಪ್ಪು ನನ್ನದೇ. ಮೆಸೇಜಿನಲ್ಲಿ ಹೇಳೋ ವಿಷಯ ಅಲ್ಲ ಅಂತ ಕಾಗದ ಬರೀತಿದ್ದೀನಿ. ನನಗೆ ಕಿವಿ ಕೇಳಿಸ್ತಿಲ್ಲ. ಬಲಗಿವಿ ಪೂರ್ತಿ ಹೋಗಿದೆ, ಎಡದ್ದು ಹೊರಟು ನಿಂತಿದೆ. ಎರಡು ವರ್ಷ ಮುಚ್ಚಿಟ್ಟೆ. ಇಪ್ಪತ್ತಾರು ವರ್ಷ ಒಂದನೇ ಕ್ಲಾಸಿನ ಮಕ್ಕಳಿಗೆ "ಕಿವಿಗೊಟ್ಟು ಕೇಳ್ರೋ" ಅಂತ ಬಡ್ಕೊಂಡವಳ ಗತಿ ನೋಡು. ಕ್ಲಾಸು ಬಿಟ್ರೆ ನನಗೆ ಇನ್ನೇನಿದೆ, ಅದಕ್ಕೇ ಯಾರ ಹತ್ರಾನೂ ಬಾಯಿ ಬಿಡಲಿಲ್ಲ.

ನನ್ನ ಪಿಸುಮಾತಿನ ಆಟ ಗೊತ್ತಲ್ಲ. ಮೊದಲ ಮಗುವಿನ ಕಿವೀಲಿ ನಾನೊಂದು ಮಾತು ಹೇಳೋದು, ಅದು ಒಬ್ಬರಿಂದ ಒಬ್ಬರಿಗೆ ದಾಟಿ, ಕೊನೇ ಮಗು ಬಂದು ನನ್ನ ಕಿವೀಲಿ ಒಪ್ಪಿಸೋದು. ಬಾಯಿಗೆ ಕೈ ಅಡ್ಡ ಇಡಬೇಕು ಅನ್ನೋ ನಿಯಮ ಮಾಡಿದವಳೂ ನಾನೇ. ತುಟಿ ಕಂಡಿದ್ರೆ ಹೇಗೋ ನಿಭಾಯಿಸ್ತಿದ್ದೆ. ಕೇಳಿಸದಿದ್ರೂ ಎಲ್ಲರಿಗೂ "ಶಭಾಷ್" ಅಂದುಬಿಡ್ತಿದ್ದೆ. ಮಕ್ಕಳಿಗೆ ಖುಷಿಯೋ ಖುಷಿ. ನನಗೆ ಶಭಾಷ್ ಟೀಚರ್ ಅಂತಲೇ ಹೆಸರಿಟ್ಟಿದ್ರು.

ಕಳೆದ ಸೋಮವಾರ ಸಾಲಿನ ಕೊನೇಲಿ ನಮ್ಮ ಚೋಟು ಇದ್ದಳು, ಕ್ಲಾಸಿಗೇ ಚಿಕ್ಕವಳು. ಬಂದು ಏನೋ ಅಂದಳು. ಶಭಾಷ್ ಅಂದೆ. ಮತ್ತೆ ಬಂದಳು. ಮತ್ತೆ ಶಭಾಷ್ ಅಂದು ಬೆನ್ನು ತಟ್ಟಿ ಕೂರಿಸಿದೆ. ಆಮೇಲೆ ನೋಡಿದ್ರೆ ಬೆಂಚಿನ ಕೆಳಗೆಲ್ಲ ಒದ್ದೆ. ಪಾಪ, ಅರ್ಜೆಂಟಾಗಿದೆ, ಹೊರಗೆ ಕಳಿಸಿ ಅಂತ ಕೇಳಿದ್ದಳಂತೆ. ಉಳಿದವರು ನಗ್ತಾ ಇದ್ರು. ಅದೂ ಕೇಳಿಸಲಿಲ್ಲ, ಕಾಣಿಸ್ತು ಅಷ್ಟೆ.

ಅವಳ ಅಮ್ಮ ಬಂದು ಕೂಗಾಡಿದ್ರು, ನ್ಯಾಯವೇ. ಹೆಡ್‌ಮೇಡಂ ಒಳ್ಳೆಯವರು. ಬಾಗಿಲು ಹಾಕಿ, ತುಟಿ ಅಗಲಿಸಿ ನಿಧಾನಕ್ಕೆ, "ಇನ್ನು ನೀವು ಲೈಬ್ರರಿ ನೋಡ್ಕೊಳ್ಳಿ" ಅಂದ್ರು. ಡಾಕ್ಟರು ಕಿವಿಗೆ ಮಷೀನ್ ಹಾಕಿ ನೋಡಿದ್ರು. ಗದ್ದಲ ಕೇಳುತ್ತೆ, ಮಾತು ಕೇಳಲ್ಲ. "ಇನ್ನು ಇಷ್ಟೇ ಅಮ್ಮಾ" ಅಂತ ಚೀಟೀಲಿ ಬರೆದುಕೊಟ್ರು. ಈಗ ಲೈಬ್ರರಿ ಬಾಗಿಲಲ್ಲಿ ನಾನು ಕಂಡ್ರೆ ಚೋಟು ಆ ಕಡೆಯಿಂದ ಸುತ್ತಿಕೊಂಡು ಹೋಗ್ತಾಳೆ. ಅದೊಂದು ತಡ್ಕೊಳ್ಳೋಕೆ ಆಗ್ತಿಲ್ಲ ಕಣೇ.

ಕೆಲಸ ಬಿಟ್ಟು ಓಡಿ ಬರಬೇಡ. ಬಂದು ಮಾಡೋದೂ ಏನಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಿಬ್ಬರ ಮನೇಲಿ ಮಾತು, ನಗು ತುಂಬಿರಲಿ.

ನಿನ್ನ ಅಮ್ಮ

ಮರೆತಿದ್ದೆ ಅಂತ ಸುಳ್ಳು ಹೇಳಲ್ಲ, ಇದನ್ನ ಬರೆಯೋಕೇ ಪೆನ್ನು ಹಿಡಿದದ್ದು. ಅಪ್ಪ ಕಣ್ಣು ಮುಚ್ಚೋ ಮುಂಚೆ ಕೊನೆಗೆ ಏನಂದ್ರು ಅಂತ ಕೇಳಿದ್ದೆಯಲ್ಲ, ಮಗಳು ನನ್ನ ಹೆಮ್ಮೆ ಅಂದ್ರು ಅಂತ ಹೇಳಿದ್ದೆ. ಅದು ನಾನೇ ಕಟ್ಟಿದ್ದು. ಹೋದ ವರ್ಷ ಆಸ್ಪತ್ರೇಲಿ ಅವರು ಮಾಸ್ಕಿನೊಳಗಿಂದ ಏನೋ ಕೇಳಿದ್ರು. ನೀರು ಕೇಳಿದ್ರೋ, ನಿನ್ನನ್ನ ಕರೆಸು ಅಂದ್ರೋ, ನನಗೆ ಒಂದಕ್ಷರ ಕೇಳಿಸಲಿಲ್ಲ. ಆಯ್ತು ಅಂತ ತಲೆಯಾಡಿಸಿದೆ. ತುಂಬಾ ಹೊತ್ತು ಬಾಗಿಲ ಕಡೆ ನೋಡ್ತಾ ಇದ್ರು ಪುಟ್ಟೀ, ಆಮೇಲೆ ಗೋಡೆ ಕಡೆ ತಿರುಗಿಕೊಂಡ್ರು.