ವೈನಿಯ ಸರ್ಟಿಫಿಕೇಟಿನಲ್ಲಿ ಇಲ್ಲದ ಗಣಿತ

ಪ್ರೀತಿಯ ವೈನಿ,

ನೀವು ಹೋಗಿ ವರ್ಷವಾಯಿತು. ಇಷ್ಟು ಹೊತ್ತಿಗೆ ನಿಮ್ಮ ಮೇಲಿನ ನನ್ನ ಹೊಟ್ಟೆಕಿಚ್ಚು ಆರಬೇಕಿತ್ತು. ಸತ್ತವರನ್ನು ಕಂಡು ಕರುಬುವುದು ಸಂಭಾವಿತರ ಲಕ್ಷಣವಲ್ಲವೆಂದು ನನಗೂ ಗೊತ್ತು. ಆದರೆ ನಿಮ್ಮ ಫೋಟೋಕ್ಕೆ ದಿನಾ ಹೂವೇರಿಸುವವಳು ನಾನು, ಆ ಫೋಟೋದಲ್ಲೂ ನೀವು ನನಗಿಂತ ಚೆನ್ನಾಗಿಯೇ ಕಾಣುತ್ತೀರಿ. ಏನು ಮಾಡಲಿ ಹೇಳಿ? ಇವತ್ತೊಂದು ಸುದ್ದಿ ಇದೆ. ಅದಕ್ಕೆ ಮೊದಲು ನನ್ನ ಹಳೆಯ ತಕರಾರುಗಳನ್ನೆಲ್ಲ ಹೇಳಿ ಮುಗಿಸುತ್ತೇನೆ. ನಡುವೆ ಬಾಯಿ ಹಾಕಲು ನೀವಿಲ್ಲ. ಇಂಥ ಅವಕಾಶ ನನಗೆ ಯಾವಾಗ ಸಿಕ್ಕಿತ್ತು?

ನೀವು ನಮ್ಮ ಮನೆಗೆ ಕಾಲಿಟ್ಟ ಬೇಸಿಗೆ ನೆನಪಿದೆಯೇ? ಅದೇ ಬೇಸಿಗೆಯಲ್ಲಿ ನಾನು ಎಸ್ಸೆಸ್ಸೆಲ್ಸಿ ಫೇಲಾಗಿದ್ದೆ. ಕನ್ನಡ, ಇಂಗ್ಲಿಷು, ಹಿಂದಿ, ವಿಜ್ಞಾನ, ಸಮಾಜ ಎಲ್ಲ ಪಾಸು, ಗಣಿತವೊಂದು ಹೋಗಿತ್ತು. ಒಂದು ಹೋದರೆ ಎಲ್ಲವೂ ಹೋದಂತೆ, ಅದು ನಮ್ಮ ಸರ್ಕಾರದ ಪದ್ಧತಿ. ಚಿತ್ತಾಪುರದ ಬಜಾರದಲ್ಲಿ ನಾನು ‘ಗಣಿತದಲ್ಲಿ ಫೇಲಾದ ಶಾಂತಾ’ ಆಗಲಿಲ್ಲ, ಬರೀ ‘ಫೇಲಾದ ಶಾಂತಾ’ ಆದೆ. ಟೀಚರ್ ಟ್ರೇನಿಂಗಿಗೆ ಹೋಗುವ ನನ್ನ ಆಸೆ ಅಟ್ಟ ಸೇರಿತು. ಅಕ್ಟೋಬರ್ ಪರೀಕ್ಷೆಯಲ್ಲೂ ಪಾಸಾಗದಿದ್ದರೆ ಲಗ್ನ ಮಾಡಿ ಕಳಿಸುವುದೆಂದು ಅಪ್ಪ ಹೇಳಿಯಾಗಿತ್ತು. ಕೊಡ್ಲಿ ಎಂಬ ಊರಿನಲ್ಲಿ ಒಬ್ಬ ವರ ಮೀಸೆ ತೀಡುತ್ತ ಕಾಯುತ್ತಿದ್ದ. ಅಂಥದರಲ್ಲಿ ಅಣ್ಣನ ಕೈ ಹಿಡಿದು ನೀವು ಬಂದಿರಿ, ನೈರೋಬಿಯಿಂದ, ಟ್ರಂಕಿನ ತಳದಲ್ಲಿ ‘ಓ ಲೆವೆಲ್’ ಎಂಬ ವಿಲಾಯತಿ ಸರ್ಟಿಫಿಕೇಟು ಇಟ್ಟುಕೊಂಡು.

ನಿಮ್ಮನ್ನು ನೋಡಲು ಓಣಿಯ ಹೆಂಗಸರು ನೆರೆದ ಮಧ್ಯಾಹ್ನವಂತೂ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮಪ್ಪ ಸುಲೇಪೇಟದವರೇ, ನೈರೋಬಿಯ ರೈಲ್ವೆಯಲ್ಲಿ ಗುಮಾಸ್ತರು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ನಿಮ್ಮ ಬಾಯಿಂದ ಇಂಗ್ಲಿಷು ಉದುರುತ್ತದೆಂದು ಸೆರಗು ಸರಿಮಾಡಿಕೊಂಡು ಕೂತಿದ್ದರು. ನೀವೋ, ನಮ್ಮಜ್ಜಿಗಿಂತ ಹಳೆಯ ಕನ್ನಡದಲ್ಲಿ, “ಬರ್ರೆವ್ವಾ, ಕುಂದರ್ರಿ, ಛಾ ಕುಡೀತೀರೇನು?” ಅಂದಿರಿ. ಒಂದೇ ಮಾತಿಗೆ ಓಣಿ ನಿಮ್ಮದಾಯಿತು. ನಾನು ಹುಟ್ಟಿದಂದಿನಿಂದ ಅದೇ ಓಣಿಯಲ್ಲಿ ಅದೇ ಕನ್ನಡ ಆಡುತ್ತಿದ್ದೆ, ನನಗೆ ಯಾರು ತಲೆದೂಗಿದ್ದರು?

ಅಪ್ಪ ಸರ್ಟಿಫಿಕೇಟನ್ನು ಗಟ್ಟಿಯಾಗಿ ಓದಿದರು. ಇಂಗ್ಲಿಷು, ಭೂಗೋಳ, ಚಿತ್ರಕಲೆ, ಸ್ವಾಹಿಲಿ, ಅಡಿಗೆ.

“ಅಡಿಗೀನೂ ಪರೀಕ್ಷಾದಾಗ ಇಡ್ತಾರೇನ್ರಿ?” ಪಕ್ಕದ ಮನೆಯ ಸಂಗಮ್ಮ ಕೇಳಿದಳು.

“ಇಡ್ತಾರವಾ. ಪೇಪರೆಲ್ಲಾ ಹಡಗದಾಗ ಲಂಡನ್ನಿಗಿ ಹೋಗ್ತಾವ,” ಅಂದರು ಅಪ್ಪ, ಹಡಗು ಹತ್ತಿಸಿ ಬಂದವರು ತಾವೇ ಎನ್ನುವ ಹಾಗೆ.

“ಮತ್ತ ಸಾರು? ಸಾರೂ ಹಡಗದಾಗೇ ಹೋಗ್ತದೇನು?”

ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನೀವು. ನಾನೊಬ್ಬಳು ನಗಲಿಲ್ಲ. ಹತ್ತು ವರ್ಷದವಳಿದ್ದಾಗಿನಿಂದ ಜೋಳದ ರೊಟ್ಟಿ ಬಡಿಯುತ್ತಿದ್ದೆ, ಒಂದು ಮಾರ್ಕು ಕೊಟ್ಟವರಿಲ್ಲ. ಅಡಿಗೆಗೂ ಮೊಹರು ಒತ್ತಿಸಿಕೊಂಡು ಬಂದವರು ನೀವು!

ಮರುದಿನ ನೀವು ರೊಟ್ಟಿ ಬಡಿಯಲು ಕೂತಾಗ ನಾನು ಮನದಲ್ಲೇ ದೇವರಿಗೆ ಕೈ ಮುಗಿದೆ. ದೇವರು ಕೈ ಬಿಡಲಿಲ್ಲ. ಹಂಚಿನ ಮೇಲೆ ರೊಟ್ಟಿ ನಾಲ್ಕು ದಿಕ್ಕಿಗೂ ಹರಿಯಿತು.

“ನೋಡ್ರೆವ್ವಾ, ವಿಲಾಯತಿ ಪಾಸಾದಕಿ ರೊಟ್ಟಿ! ಆಫ್ರಿಕಾದ ನಕಾಶಿ ಆಗ್ಯಾದ,” ಅಂದಳು ಅವ್ವ.

“ಅತ್ತಿ, ಭೂಗೋಳದಾಗೂ ನಾ ಪಾಸ್ ಆಗೀನ್ರಿ,” ಅಂದಿರಿ ನೀವು, ಅದನ್ನು ಇನ್ನೊಂದು ಮಗ್ಗುಲಿಗೆ ತಿರುವುತ್ತ.

ಅವ್ವ ನಕ್ಕು ನಕ್ಕು ಒಲೆಯ ಮುಂದೆಯೇ ಕುಸಿದಳು. ನನ್ನ ರೊಟ್ಟಿ ಹುಣ್ಣಿಮೆಯ ಚಂದ್ರನಂತೆ ಉಬ್ಬಿ ಕೂತಿತ್ತು. ಅದನ್ನು ನೋಡುವವರೇ ಇರಲಿಲ್ಲ.

ಇಬ್ಬರೇ ಜೋಳ ಹಸನು ಮಾಡುತ್ತ ಕೂತಾಗ ನೀವು ಕೇಳಿದ ಮಾತು ಇವತ್ತಿಗೂ ಚುಚ್ಚುತ್ತದೆ. ಅಲ್ಲಿ ಬೇಕಾದ ವಿಷಯವನ್ನು ನಾವೇ ಆರಿಸಿಕೊಳ್ಳುತ್ತಿದ್ದೆವು ಎಂದು ಹೇಳಿ, “ನಿನಗ ಆರಿಸ್ಲಿಕ್ಕ ಬಿಟ್ಟಿದ್ರ ಏನ್ ತೊಗೋತಿದ್ದಿ ಶಾಂತಾ?” ಅಂದಿರಿ. ಸಂಜೆಗೆ ಯಾವ ಪಲ್ಯ ಬೇಕೆಂದೂ ನನ್ನನ್ನು ಯಾರೂ ಕೇಳಿದವರಿಲ್ಲ…

“ಗಣಿತ ಬಿಟ್ಟು ಏನರೆ,” ಅಂದೆ ಸಿಟ್ಟಿನಿಂದ.

“ಅಯ್ಯ, ಗಣಿತದಾಗ ನಾನೂ ಫೇಲಲ್ಲೇನವಾ!”

“ಸರ್ಟಿಫಿಕೇಟದಾಗ ಇಲ್ಲಲ್ರಿ?”

“ಪಾಸಾಗಿದ್ದಷ್ಟೇ ಬರೀತಾರ. ಫೇಲಾಗಿದ್ದು ಬರಿಯಂಗಿಲ್ಲ.”

ವೈನಿ, ಅವತ್ತು ನನಗೆ ಊಟ ಸೇರಲಿಲ್ಲ. ಅದೇ ಗಣಿತ, ಅದೇ ಫೇಲು. ನೀವು ವಿಲಾಯತಿ ಕಲಿತ ಸೊಸೆ, ನಾನು ಫೇಲಾದ ಮಗಳು! ನಿಮ್ಮಲ್ಲಿ ಫೇಲಾದ ವಿಷಯವನ್ನು ಮಾಯ ಮಾಡುತ್ತಿದ್ದರು. ನಮ್ಮಲ್ಲಿ ಫೇಲಾದ ಮನುಷ್ಯರನ್ನೇ ಮಾಯ ಮಾಡುತ್ತಿದ್ದರು. ಫಲಿತಾಂಶದ ದಿನ ಪೇಪರಿನಲ್ಲಿ ಪಾಸಾದವರ ನಂಬರು ಮಾತ್ರ ಬರುತ್ತಿತ್ತಲ್ಲ?

ಆಮೇಲೆ ನ್ಯಾಯವೆಂಬುದು ಒಂದು ಸಲ ನಮ್ಮ ಮನೆಯ ದಾರಿ ಹಿಡಿಯಿತು. ಊರಿನ ಹೆಣ್ಣುಮಕ್ಕಳ ಶಾಲೆಗೆ ಇಂಗ್ಲಿಷ್ ಕಲಿಸುವವರು ಬೇಕಾಗಿ, ನೀವು ಅರ್ಜಿ ಹಾಕಿದಿರಿ. ಗಣಿತವಿಲ್ಲದ ಸರ್ಟಿಫಿಕೇಟು ನಮ್ಮ ಎಸ್ಸೆಸ್ಸೆಲ್ಸಿಗೆ ಸಮವಲ್ಲ, ಗಣಿತವೊಂದನ್ನು ಇಲ್ಲಿ ಕಟ್ಟಿ ಬನ್ನಿ ಎಂದು ಉತ್ತರ ಬಂತು. ಅಪ್ಪನ ಮುಖ ನೋಡಬೇಕಿತ್ತು! ನಾನು ನೋಡಿದೆ, ಕಣ್ತುಂಬ. ನೀವು ಮಾತ್ರ ಕುಣಿದಿರಿ: “ಚಲೋ ಆತು ನಡಿ, ಅಕ್ಟೋಬರಕ್ಕ ಇಬ್ರೂ ಕೂಡೇ ಕೂಡೂಣು.”

ಪಡಸಾಲೆಯ ಶಹಾಬಾದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಮಾಡುತ್ತ ಕಳೆದ ಮಳೆಗಾಲ ಅದು. ಒಂದು ಹಾಸುಗಲ್ಲು ನಿಮ್ಮದು, ಒಂದು ನನ್ನದು. ಅವ್ವ ಕೊಡ ಹೊತ್ತು ನಮ್ಮ ತ್ರಿಕೋನಗಳನ್ನು ದಾಟುತ್ತ, “ನಿಮ್ಮ ಗಣಿತಾ ತುಳದು ತುಳದು ನನ್ನ ಕಾಲು ಬೆಳ್ಳಗಾದ್ವಲ್ಲೇ,” ಎನ್ನುತ್ತಿದ್ದಳು. ನಿಮ್ಮ ಕಲ್ಲಿನ ಮೇಲೆ ಲೆಕ್ಕಕ್ಕಿಂತ ಕೊಡ ಹೊತ್ತ ಅವ್ವನ ಚಿತ್ರಗಳೇ ಹೆಚ್ಚು. ನಾನು ಕಂಡೂ ಸುಮ್ಮನಿದ್ದೆ. ಎದುರಾಳಿಯ ದಾರಿ ತಿದ್ದುವಷ್ಟು ದೊಡ್ಡ ಮನಸ್ಸು ನನಗೆಲ್ಲಿಂದ ಬರಬೇಕು?

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಡ್ಯೂಟಿ ಮುಗಿಸಿ ಅಣ್ಣ ಪೇಪರು ತಂದ ಸಂಜೆ, ನನ್ನ ನಂಬರಿತ್ತು. ನಿಮ್ಮದಿರಲಿಲ್ಲ. ಕೊಡ್ಲಿಯ ಮೀಸೆ ತಪ್ಪಿತು, ಟ್ರೇನಿಂಗು ಸಿಕ್ಕಿತು, ಎಲ್ಲಕ್ಕಿಂತ ಮೇಲಾಗಿ ನಿಮ್ಮನ್ನು ಗೆದ್ದಿದ್ದೆ. ನೀವು ಅಳುತ್ತೀರಿ, ನಾನು ದೊಡ್ಡವಳಂತೆ ಬೆನ್ನು ಸವರುತ್ತೇನೆ ಎಂದು ಸಜ್ಜಾಗಿ ನಿಂತೆ. ನೀವು ಎಲ್ಲಿದ್ದಿರಿ? ಬಜಾರಿಗೆ ಹೋಗಿ ಪೇಡೆ ತಂದು ಮನೆಮನೆಗೆ ಕೊಡುತ್ತಿದ್ದಿರಿ: “ನಮ್ಮ ಶಾಂತಾ ಪಾಸು! ನಾ ಫೇಲು! ತೊಗೋರಿ ಪೇಡಾ!”

“ಫೇಲಾದಕಿ ಪೇಡಾ ಹಂಚ್ಲಿಕತ್ತಾಳ, ಪಾಸಾದಕಿ ಮಾರಿ ಗಂಟ್ ಹಾಕ್ಕೊಂಡು ಕುಂತಾಳ,” ಎಂದಳು ಸಂಗಮ್ಮ. ನನ್ನ ಗೆಲುವಿನ ದಿನವೂ ಊರು ಆಡಿಕೊಂಡದ್ದು ನಿಮ್ಮ ಫೇಲನ್ನೇ. ನಿಮ್ಮ ಶಾಲೆಯಲ್ಲಿ ಫೇಲಾಗುವುದನ್ನೂ ಒಂದು ವಿಷಯವಾಗಿ ಕಲಿಸುತ್ತಿದ್ದರೇನು? ಅದರಲ್ಲಿ ನಿಮಗೆ ಮೊದಲ ನಂಬರೇ ಬಂದಿರಬೇಕು. ನೀವು ಮತ್ತೆ ಪರೀಕ್ಷೆ ಕಟ್ಟಲಿಲ್ಲ. ನಾನು ಟೀಚರಾದೆ, ನನ್ನ ಶಾಲೆಯ ಹುಡುಗಿಯರು ಗಂಟೆ ಹೊಡೆದ ಕೂಡಲೇ ಇಂಗ್ಲಿಷ್ ಕಲಿಯಲು ಓಡಿ ಬರುತ್ತಿದ್ದುದು ನಿಮ್ಮ ಹಾಸುಗಲ್ಲಿಗೆ. ಇರಲಿ ಬಿಡಿ.

ಈಗ ಸುದ್ದಿ. ಇವತ್ತು ಮುಂಜಾನೆ ಪೇಪರು ಬಂತು. ನಿಮ್ಮ ಮಗಳು ಉಷಾಳ ನಂಬರು ಅದರಲ್ಲಿಲ್ಲ. ಯಾವ ವಿಷಯವೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಿಮ್ಮ ಮಗಳಲ್ಲವೇ, ಗೊತ್ತೇ ಇತ್ತು. ಅಡಿಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಹಾಕಿ ಕೂತು, “ಅತ್ಯಾ, ಸಂಗಮ್ಮಾಯಿಗಿ ಹೇಳಬ್ಯಾಡ್ರಿ,” ಅಂದಳು. ಆ ದನಿ ನನಗೆ ಗುರುತಿತ್ತು. ಅದು ನನ್ನದೇ, ಫೇಲಾದ ಶಾಂತಾಳದು.

ಕೊಡೆ ಹಿಡಿದು ಬಜಾರಿಗೆ ಹೋದೆ. ಪೇಡೆ ಕಟ್ಟಿಸಿಕೊಂಡು ಬಂದು ಉಷಾಳ ರಟ್ಟೆ ಹಿಡಿದು ಎಬ್ಬಿಸಿ, ನೆಟ್ಟಗೆ ಸಂಗಮ್ಮನ ಮನೆಗೇ ಕರೆದೊಯ್ದೆ.

“ಸಂಗಮ್ಮಾ, ತೊಗೋ ಪೇಡಾ. ನಮ್ಮ ಉಷಾ ಕನ್ನಡದಾಗ ಪಾಸು, ಇಂಗ್ಲಿಷದಾಗ ಪಾಸು, ಹಿಂದ್ಯಾಗ ಪಾಸು, ವಿಜ್ಞಾನದಾಗ ಪಾಸು, ಸಮಾಜದಾಗ ಪಾಸು.”

ಮುದುಕಿಗೆ ಹಲ್ಲು ಹೋಗಿವೆ, ಚುರುಕು ಹೋಗಿಲ್ಲ. “ಗಣಿತಾ?” ಅಂದಳು.

“ಅದನ್ನ ನಾವು ಓದಿ ಹೇಳಂಗಿಲ್ಲ. ವಿಲಾಯತಿ ಪದ್ಧತಿ,” ಅಂದೆ.

ನನ್ನ ಬೆನ್ನ ಹಿಂದೆ ನೀವು ನಕ್ಕಿರಿ. ಬೆಚ್ಚಿ ತಿರುಗಿದರೆ, ಉಷಾ. ಕಣ್ಣಲ್ಲಿ ನೀರು, ಬಾಯಲ್ಲಿ ಪೇಡೆ, ಓಣಿಯ ತುಂಬ ನಿಮ್ಮ ನಗು. ನಾಳೆಯಿಂದ ಅವಳಿಗೊಂದು ಹಾಸುಗಲ್ಲು, ನನಗೊಂದು. ಅಕ್ಟೋಬರಿನ ತನಕ ನಾನು ಏಳುವುದಿಲ್ಲ, ಮಾತು ಕೊಟ್ಟಿದ್ದೇನೆ. ಅವಳಿಗೆ ಜಡೆ ಹೆಣೆದವಳು ನಾನು, ರೊಟ್ಟಿ ಬಡಿಯಲು ಕಲಿಸಿದವಳು ನಾನು. ನಗಲು ಮಾತ್ರ ನಿಮ್ಮ ಹಾಗೆಯೇ ಕಲಿತಿದ್ದಾಳೆ, ನೋಡಿ.

ಉರಿಯುತ್ತಲೇ ಇರುವ ನಿಮ್ಮ ನಾದಿನಿ,
ಶಾಂತಾ