ಕೋಟಿನ ಎರಡನೇ ಗುಂಡಿ

ಮಾರ್ಚ್ ೧೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ನಿನ್ನ ಮನೆಯಿಂದ ಬಂದು ಮೂರು ವಾರವಾಯಿತು. ತಲುಪಿದೆ ಅಂತ ಒಂದು ಸಂದೇಶ ಕಳಿಸಿದ್ದು ಬಿಟ್ಟರೆ ನನ್ನಿಂದ ಸದ್ದಿಲ್ಲ, ನಿನ್ನಿಂದಲೂ ಇಲ್ಲ. ತಪ್ಪು ನನ್ನದು, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಫೋನಿನಲ್ಲಿ ಹೇಳಲು ಹೊರಟರೆ ನೀನು “ಬಿಡಮ್ಮ, ಆಗಿದ್ದಾಯ್ತು” ಅನ್ನುತ್ತೀಯ, ನಾನೂ ಬಿಟ್ಟುಬಿಡುತ್ತೇನೆ. ಕಾಗದಕ್ಕೆ ಹಾಗೆ ಮಾತು ತಡೆಯಲು ಬರುವುದಿಲ್ಲ.

ಆರೋಗ್ಯವಾಗಿದ್ದೇನೆ. ಕಾಲೇಜಿನ ಲೈಬ್ರರಿಯಲ್ಲಿ ಕಪಾಟುಗಳಿಗೆ ಬಣ್ಣ ಹೊಡೆಯುತ್ತಿದ್ದಾರೆ. ಕಾವ್ಯದ ಪುಸ್ತಕಗಳೆಲ್ಲ ಹದಿನೈದು ದಿನದಿಂದ ನೆಲದ ಮೇಲೆ. ಕಾಲಿಡಲು ಜಾಗ ಹುಡುಕಿಕೊಂಡು ಓಡಾಡುತ್ತೇನೆ, ನಡುವೆ ಒಂದೆರಡು ಪುಟ ಓದಿಕೊಳ್ಳುತ್ತೇನೆ. ನಮ್ಮ ಫಿಲಂ ಸೊಸೈಟಿಯಲ್ಲಿ ಈಗ ಹನ್ನೊಂದೇ ಜನ. ಪ್ರೊಜೆಕ್ಟರ್ ನಡೆಸುವ ಮೇಷ್ಟ್ರು, ಹತ್ತಕ್ಕಿಂತ ಕಮ್ಮಿಯಾದರೆ ತಮ್ಮ ಮನೆಯಲ್ಲೇ ಪರದೆ ಕಟ್ಟುತ್ತೇನೆ, ಕಾಫಿಯಾದರೂ ಸಿಗುತ್ತದೆ ಅನ್ನುತ್ತಿದ್ದಾರೆ.

ಅಲ್ಲಿ ತೋರಿಸುವ ಈ ಸಣ್ಣ ಚಿತ್ರಗಳ ಬಗ್ಗೆ ನನ್ನ ಅಭಿಪ್ರಾಯ ನಿನಗೆ ಬಾಯಿಪಾಠ. ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ, ಗೆಳೆಯರ ಮನೆಯಲ್ಲಿ, ಗೆಳೆಯರನ್ನೇ ನಿಲ್ಲಿಸಿ ತೆಗೆದವು. ಅಲ್ಲಿ ನಮ್ಮನ್ನು ಅಳಿಸಲು ಯಾರೂ ಹಿಂದಿನಿಂದ ಪಿಟೀಲು ಬಾರಿಸುವುದಿಲ್ಲ. ಒಬ್ಬಳು ಬಟ್ಟೆ ಮಡಿಸುತ್ತಿದ್ದರೆ, ಮಡಿಸಿ ಮುಗಿಯುವವರೆಗೂ ಕ್ಯಾಮೆರಾ ಕಾಯುತ್ತದೆ. ಕವಿತೆಯಲ್ಲಿ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಮೊದಲು ಸ್ವಲ್ಪ ಜಾಗ ಇರುತ್ತದಲ್ಲ, ಅಂಥ ಚಿತ್ರಗಳು ಪೂರ್ತಿ ಅಲ್ಲೇ ನಡೆಯುತ್ತವೆ ಅನಿಸುತ್ತದೆ ನನಗೆ. ಅದಕ್ಕೇ ನಮ್ಮ ಮನೆಯಲ್ಲಿ ಆ ಕಟ್ಟುನಿಟ್ಟು. ಕಿಟಕಿಗೆ ದಪ್ಪ ಹೊದಿಕೆ ಕಟ್ಟಿ ಕೂತರೆ, ಕೊನೆಯ ಹೆಸರು ಮೇಲೆ ಸರಿದುಹೋಗುವವರೆಗೆ ತುಟಿ ಬಿಚ್ಚುವಂತಿಲ್ಲ. ಆಮೇಲೆ ಇಬ್ಬರದೂ ಒಂದೊಂದು ಮಾತು. ನಿನ್ನ ಅಪ್ಪ ತೀರಿಕೊಂಡ ವರ್ಷ, ನಿನಗೆ ಒಂಬತ್ತು ತುಂಬಿದಾಗಿನಿಂದ ಮದುವೆಯವರೆಗೆ, ಪ್ರತಿ ಭಾನುವಾರ. ನಮ್ಮಿಬ್ಬರದೇ ಅಂತ ನನಗಿದ್ದ ಆಸ್ತಿ ಅದೊಂದು.

ಮದುವೆಯಾದ ಮೇಲೆ ನೀನು ಫೋನಿನಲ್ಲಿ, ಈ ವಾರ ಅತ್ತೆ ಜೊತೆ ಒಂದು ಚಿತ್ರ ನೋಡಿದೆ ಅಂದಾಗ ದೊಡ್ಡ ಮನಸ್ಸು ಮಾಡಿ ಸಂತೋಷಪಟ್ಟೆ. ಬಟ್ಟೆ ಹೊಲಿಯುವ ಹೆಂಗಸು, ದಿನವಿಡೀ ಮೆಷಿನ್ ಮುಂದೆ ಬಗ್ಗಿ ಕೂರುವವರು, ಎರಡು ವಾರಕ್ಕೆ ಸುಸ್ತಾಗುತ್ತಾರೆ ಅಂದುಕೊಂಡೆ. ಅವರು ಸುಸ್ತಾಗಲಿಲ್ಲ. ನಿನ್ನ ಫೋನು ಬಂದರೆ ಸಾಕು, ಅತ್ತೆ ಹೀಗಂದರು, ಅತ್ತೆ ಹಾಗಂದರು. ಹಾಸಿಗೆ ಹಿಡಿದ ಮುದುಕನ ಚಿತ್ರ ನೋಡುತ್ತ, “ಇವನ ದಿಂಬು ಯಾರಾದ್ರೂ ಸರಿ ಮಾಡ್ರಪ್ಪ, ಆಮೇಲೆ ಸಾಯ್ಲಿ” ಅಂದರಂತೆ. ಅದನ್ನು ಹೇಳುತ್ತ ನೀನು ಬಿದ್ದು ಬಿದ್ದು ನಕ್ಕೆ. ಮೂವತ್ತು ವರ್ಷ ಓದಿ, ತೂಗಿ ನೋಡಿ ನಾನು ಆಡಿದ ಒಂದು ಮಾತಿಗೂ ನೀನು ಹಾಗೆ ನಕ್ಕಿದ್ದು ನೆನಪಿಲ್ಲ. ಬೀಗಿತ್ತಿಯ ಮೇಲೆ ಹೊಟ್ಟೆಕಿಚ್ಚು ಅಂದರೆ ಒಡವೆಗೋ ಮನೆಗೋ ಇರುತ್ತದೆ. ನನ್ನದು ಒಂದು ದಿಂಬಿಗೆ.

ಇನ್ನು ನಿನ್ನ ಮನೆಯಲ್ಲಿ ಕಳೆದ ಆ ಭಾನುವಾರದ್ದು. ಚಿತ್ರ ನಾನೇ ಆರಿಸಿ ತಂದದ್ದು, ಮೊದಲೇ ಎರಡು ಸಲ ನೋಡಿದ್ದೆ. ರೈಲು ನಿಲ್ದಾಣದ ಪಕ್ಕದ ಕೋಣೆಯಲ್ಲಿ ಒಬ್ಬ ವಿಧವೆ, ದಿನಾ ಅದೇ ಕೋಟು ತೊಟ್ಟು ಕೆಲಸಕ್ಕೆ ಹೋಗಿ ಬರುತ್ತಾಳೆ, ಒಂದೂವರೆ ಗಂಟೆಯಲ್ಲಿ ಹತ್ತು ಮಾತೂ ಇಲ್ಲ. ಒಂಟಿತನದ ಬಗ್ಗೆ ಇಷ್ಟು ಪ್ರಾಮಾಣಿಕ ಚಿತ್ರ ನೋಡಿಲ್ಲ ಎಂದು ಸೊಸೈಟಿಯ ಪತ್ರಿಕೆಗೆ ಎರಡು ಪುಟ ಬರೆದೂ ಆಗಿತ್ತು. ನೀನು ನನ್ನ ಮತ್ತು ನಿನ್ನ ಅತ್ತೆಯ ನಡುವೆ ಕೂರುತ್ತೀಯ ಅಂತ ಜಾಗ ಬಿಟ್ಟಿದ್ದೆ. ನೀನು ಅವರ ಆಚೆ ಕೂತೆ, ಅವರ ಹೊದಿಕೆಯ ಅರ್ಧ ನಿನ್ನ ಕಾಲ ಮೇಲೆ ಎಳೆದುಕೊಂಡು. ಚಿತ್ರ ಅರ್ಧಕ್ಕೆ ಬಂದಿತ್ತು. ಅವರು ಮುಂದಕ್ಕೆ ಬಗ್ಗಿದರು.

“ಎರಡನೇ ಗುಂಡಿ ನೋಡು. ಆಗ ಕಪ್ಪು ದಾರ ಇತ್ತು, ಈಗ ಕಂದು. ಇದು ಅವಳು ಹಾಕಿರೋ ಹೊಲಿಗೆ ಅಲ್ಲ. ಇವಳ ಮನೆಗೆ ಯಾರೋ ಬರ್ತಾರೆ.”

ನೀನು ಅವರ ತೋಳು ಹಿಡಿದು “ಎಲ್ಲಿ ಅತ್ತೆ, ಎಲ್ಲಿ?” ಅಂದೆ.

ನಾನು ಅಂದದ್ದನ್ನು ಇದ್ದ ಹಾಗೇ ಬರೆಯುತ್ತೇನೆ, ಬದಲಿಸಿ ಬರೆದರೆ ಅದೂ ಒಂದು ಮೋಸ. “ಸ್ವಲ್ಪ ಸುಮ್ನಿರ್ತೀರಾ? ಇದು ಸಿನಿಮಾ, ನಿಮ್ಮ ಹೊಲಿಗೆ ಅಂಗಡಿ ಅಲ್ಲ.”

ಅವರು “ಸರಿ” ಅಂದರು. ಕೈಗಳನ್ನು ಹೊದಿಕೆಯ ಒಳಗೆ ಎಳೆದುಕೊಂಡರು. ಉಳಿದ ನಲವತ್ತು ನಿಮಿಷ ನಾನು ಬಯಸಿದ ಮೌನವೇ ಇತ್ತು, ಆದರೆ ಪರದೆಯ ಮೇಲೆ ಏನಾಯಿತೆಂದು ಕೇಳಿದರೆ ಹೇಳಲಾರೆ. ಹೆಸರುಗಳು ಶುರುವಾಗುವ ಮೊದಲೇ ನೀನು ಎದ್ದು ಒಳಗೆ ಹೋದೆ. ಚಿತ್ರ ನೋಡುವಾಗ ಯಾರು ಮಾತಾಡಿದರೂ ನನಗೆ ಸಹಿಸಲಾಗದು, ನಿನಗೆ ಗೊತ್ತು. ಅದಕ್ಕೆ ರೇಗಿದೆ ಅಂದುಕೋ.

ನಿನ್ನೆ ಅದನ್ನೇ ಮತ್ತೆ ಹಾಕಿ, ನಿಲ್ಲಿಸಿ ನಿಲ್ಲಿಸಿ ನೋಡಿದೆ. ದಾರ ಬದಲಾಗಿದೆ. ಒಮ್ಮೆ ಅದು ಕಂಡರೆ ಉಳಿದದ್ದೂ ಕಾಣುತ್ತದೆ: ಮಗುಚಿಟ್ಟ ಎರಡು ಲೋಟ, ಅವಳು ಚಿಲಕ ಹಾಕದೆ ಹೋಗುವ ಹಿಂಬಾಗಿಲು. ಅದು ಒಂಟಿತನದ ಚಿತ್ರವೇ ಅಲ್ಲ ಗುಬ್ಬಿ. ಅವಳು ಸುಖವಾಗಿದ್ದಾಳೆ, ಯಾರಿಗೂ ಹೇಳುತ್ತಿಲ್ಲ ಅಷ್ಟೆ. ಆ ಎರಡು ಪುಟದಲ್ಲಿ ನಾನು ಯಾರ ಬಗ್ಗೆ ಬರೆದೆನೋ! ಮೇಷ್ಟ್ರಿಗೆ ಹೇಳಿದೆ. “ಆ ಟೈಲರಮ್ಮನ್ನ ಮೆಂಬರ್ ಮಾಡ್ಸಿ, ಹನ್ನೆರಡಾಗ್ತೀವಿ” ಅಂದರು. ಅವರ ಮೇಲೂ ಸಿಟ್ಟು ಬಂತು.

ನಿನ್ನ ಅತ್ತೆಗೆ ಹೇಳು, ಅವರು ಕಂಡದ್ದು ನಿಜ, ನಾನು ಆಡಿದ್ದು ತಪ್ಪು. ಅದನ್ನು ಅವರ ಮುಖ ನೋಡಿ ಹೇಳಲು ಮುಂದಿನ ಸಲ ಬಂದಾಗ ಖಂಡಿತ ಪ್ರಯತ್ನ ಪಡುತ್ತೇನೆ. ನೀನು ಚೆನ್ನಾಗಿರು, ನಿನ್ನ ಮನೆ ತುಂಬ ಮಾತಿರಲಿ. ಚಿತ್ರ ಶುರುವಾದ ಹತ್ತೇ ನಿಮಿಷಕ್ಕೆ ಗೊರಕೆ ಹೊಡೆಯುವ ಅಳಿಯನಿಗೆ ಆ ನಿಶ್ಚಿಂತೆ ಕೊನೆಯತನಕ ಉಳಿಯಲಿ.

ನಿನ್ನ
ಅಮ್ಮ

ತಾ.ಕ.: ಮಾತಾಡಿದ್ದಕ್ಕೆ ರೇಗಿದೆ ಅಂತ ಮೇಲೆ ಬರೆದದ್ದು ಪೂರ್ತಿ ನಿಜವಲ್ಲ. ಚಿತ್ರ ಹಾಕುವ ಮೊದಲು ನೀರು ಕುಡಿಯಲೆಂದು ಅಡುಗೆಮನೆಯ ಬಾಗಿಲವರೆಗೆ ಬಂದಿದ್ದೆ. ನೀನು ಪಾತ್ರೆ ಒರೆಸುತ್ತ ಅವರಿಗೆ ಹೇಳುತ್ತಿದ್ದೆ: “ನಮ್ಮನೇಲಿ ಸಿನಿಮಾ ಅಂದ್ರೆ ಉಸಿರು ಬಿಡೋಕೂ ಹೆದರಿಕೆ ಅತ್ತೆ. ಭಾನುವಾರ ಬಂದ್ರೆ ಹೊಟ್ಟೆನೋವಾದ್ರೂ ಬರ್ಲಿ ಅಂತ ಕಾಯ್ತಿದ್ದೆ.” ಹೇಳಿ ನಕ್ಕೆ. ಅವರು ನಗಲಿಲ್ಲ. “ಹಾಗನ್ಬೇಡ ಕಣೆ. ಗಂಡ ಹೋದ್ಮೇಲೆ ಪಕ್ಕದಲ್ಲಿ ಕೂತ್ಕೊಳ್ಳೋಕೆ ಅವರಿಗೆ ನೀನು ಬಿಟ್ರೆ ಯಾರಿದ್ರು?” ಅಂದರು. ನಾನು ನೀರು ಕುಡಿಯದೆ ಬಂದು ಕೂತೆ. ನೀನು ನಕ್ಕದ್ದನ್ನು ಈ ಮೂರು ವಾರದಲ್ಲಿ ಹೇಗೋ ನುಂಗಿಕೊಂಡೆ. ಹದಿನಾರು ವರ್ಷ ಪಕ್ಕದಲ್ಲೇ ಕೂತ ನಿನಗೆ ಕಾಣದ್ದು, ನನ್ನನ್ನು ನಾಲ್ಕು ಸಲ ನೋಡಿದ ಅವರಿಗೆ ಕಂಡಿತಲ್ಲ, ಅದನ್ನು ನುಂಗಲು ಆಗುತ್ತಿಲ್ಲ. ಬೇಕಾದರೆ ಪತ್ರವನ್ನು ಅವರ ಕೈಗೂ ಕೊಡು, ಈ ಕೊನೆಯ ಭಾಗವನ್ನು ಮಾತ್ರ ಹರಿದು ನೀನು ಇಟ್ಟುಕೊಂಡು.